ಮಂಜನ ಗಂಟಲು ಒಡೆದ ವರ್ಷ

ನಾವು ಹೈಸ್ಕೂಲಿಗೆ ನಡೆದುಕೊಂಡೇ ಹೋಗುತ್ತಿದ್ದ ಕಾಲ ಅದು. ಗುಬ್ಬಿಯಿಂದ ಒಳಗಿರುವ ನಮ್ಮೂರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುತ್ತಿತ್ತು. ಎರಡೂ ಸ್ಕೂಲಿನ ಹೊತ್ತಿಗೆ ಬರುತ್ತಿರಲಿಲ್ಲ. ಹಾಗಾಗಿ ನಾನು ಮತ್ತು ನನ್ನ ಚಿಕ್ಕಪ್ಪನ ಮಗ ಮಂಜ ತೆಂಗಿನ ತೋಟಗಳ ನಡುವಿನ ಕಾಲುದಾರಿ ಹಿಡಿದು ಪಕ್ಕದೂರಿಗೆ ಹೋಗುತ್ತಿದ್ದೆವು. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಒಂಬತ್ತನೇ ಕ್ಲಾಸಿನಲ್ಲಿ ಒಂದೇ ಸೆಕ್ಷನ್ನು. ಲಂಗದ ಜೇಬಿನಲ್ಲಿ ನಾನು ಉಪ್ಪಿನ ಪೊಟ್ಟಣ ಇಟ್ಟುಕೊಂಡಿರುತ್ತಿದ್ದೆ. ದಾರಿಯಲ್ಲಿ ಹುಣಸೆ ಚಿಗುರೋ ಎಳೆ ಮಾವೋ ಏನಾದರೊಂದು ಸಿಗುತ್ತಿತ್ತು. ಮಳೆ ಬಿದ್ದ ಮರುದಿನ ರಾಗಿ ಹೊಲದಿಂದ ಹಸಿ ಮಣ್ಣಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಮಂಜ ದಾರಿಯುದ್ದಕ್ಕೂ ಹಾಡುತ್ತಿದ್ದ.

ಅವನ ದನಿಯನ್ನು ಈಗ ಹೇಗೆ ವಿವರಿಸಲಿ? ತೋಟದಲ್ಲಿ ಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, ‘ಇನ್ನೊಂದ್ ಹೇಳ್ಬುಟ್ಟು ಹೋಗ್ಲಾ’ ಅನ್ನುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ ಅವನೇ ಮುಂದೆ ನಿಂತು ಹೇಳಿಕೊಡುತ್ತಿದ್ದ, ನಾವೆಲ್ಲ ಹಿಂದೆ ಹೇಳುತ್ತಿದ್ದೆವು. ಆ ದನಿಯನ್ನು ಮೊದಲು ಗುರುತಿಸಿದವರು ಕನ್ನಡದ ರಾಜಶೇಖರ್ ಸರ್.

ರಾಜಶೇಖರ್ ಸರ್ ಅಂದರೆ ಇಡೀ ಸ್ಕೂಲಿಗೆ ಪ್ರಾಣ. ಬಿಳಿ ಶರಟು, ಬಾಚಿದ ಕ್ರಾಪು, ಸೈಕಲ್ಲಿನಿಂದ ಇಳಿಯುವಾಗಲೇ ಒಂದು ತಮಾಷೆ. ಯಾರನ್ನು ಬೇಕಾದರೂ ಅನುಕರಣೆ ಮಾಡುತ್ತಿದ್ದರು. ಹೆಡ್‌ಮಾಸ್ಟರು ಕೆಮ್ಮುವುದು, ಕಂಡಕ್ಟರು ರೈಟ್ ಅನ್ನುವುದು, ಸಂತೆಯಲ್ಲಿ ಹೆಂಗಸರು ಚೌಕಾಸಿ ಮಾಡುವುದು. ಅವರ ಪೀರಿಯಡ್ಡಿಗೆ ನಾವು ಕಾಯುತ್ತಿದ್ದೆವು. ಮಂಜನನ್ನು ಸ್ಕೂಲು ಬಿಟ್ಟ ಮೇಲೂ ಕೂರಿಸಿಕೊಂಡು ವಚನಗಳನ್ನು ಕಲಿಸಿದರು. ತಾಲ್ಲೂಕು ಸ್ಪರ್ಧೆಯಲ್ಲಿ ಮಂಜ ಮೊದಲು ಬಂದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಬ್ಬಿ ಬಸ್‌ಸ್ಟ್ಯಾಂಡಿನವರೆಗೆ ನಡೆದರು. ‘ಇವ್ನು ನಂಗೆ ಹೆಸ್ರು ತರೋ ಹುಡ್ಗ’ ಎಂದು ಎದುರು ಸಿಕ್ಕವರಿಗೆಲ್ಲ ಹೇಳಿದರು.

ಜಿಲ್ಲಾ ಸ್ಪರ್ಧೆಗೆ ತುಮಕೂರಿಗೆ ಹೋದಾಗ ರಂಗೋಲಿಗೆಂದು ನಾನೂ ಜೊತೆಗಿದ್ದೆ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಸರ್ ನಮಗೆ ತಟ್ಟೆ ಇಡ್ಲಿ ಕೊಡಿಸಿದರು. ಮೇಲೆ ಕರಗುತ್ತಿದ್ದ ಬೆಣ್ಣೆಯನ್ನು ತಮ್ಮ ಇಡ್ಲಿಯಿಂದ ಎತ್ತಿ ಮಂಜನ ಇಡ್ಲಿಗೆ ಹಾಕಿದರು. ‘ಗಂಟ್ಲಿಗೆ ಒಳ್ಳೇದು, ತಿನ್ನು.’

ವೇದಿಕೆ ಮೇಲೆ ಮಂಜ ಚೆನ್ನಾಗಿಯೇ ಎತ್ತಿಕೊಂಡ. ಎರಡನೇ ಸಾಲಿನಲ್ಲಿ ಮೇಲಕ್ಕೆ ಹೋಗುವಾಗ ದನಿ ಇದ್ದಕ್ಕಿದ್ದಂತೆ ಸೀಳಿತು. ಅರ್ಧ ಹುಡುಗನದು, ಅರ್ಧ ಯಾರೋ ಗಂಡಸಿನದು. ಮತ್ತೆ ಎತ್ತಿಕೊಂಡ, ಅದೇ ಜಾಗದಲ್ಲಿ ಮತ್ತೆ ಸೀಳಿತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕಿಸಕ್ಕೆಂದಳು, ಆಮೇಲೆ ಇಡೀ ಸಭೆಯೇ ನಕ್ಕಿತು. ಬಾಗಿಲ ಬಳಿ ನಿಂತಿದ್ದ ಸರ್ ಹೊರಗೆ ಹೋಗಿಬಿಟ್ಟರು.

ವಾಪಸ್ಸು ಬರುವಾಗ ಅವರು ಬಸ್ಸಿನ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ಮಂಜ ಕಂಬಿ ಹಿಡಿದುಕೊಂಡು ಹತ್ತಿರ ಹೋದ.

‘ಸಾರ್, ಗಂಟ್ಲು...’

‘ಹೋಗ್ ಕೂತ್ಕೋ’ ಅಂದರು. ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಬೇರೆ ಹುಡುಗನನ್ನು ಮುಂದೆ ನಿಲ್ಲಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕ್ಲಾಸಿಗೆ ಬಂದವರೇ, ‘ಎಲ್ಲಯ್ಯಾ ನಮ್ಮ ಕೋಗಿಲೆ? ಪಾಠಕ್ಕೆ ಮುಂಚೆ ನಿಂದೊಂದು ಆಗ್ಲಿ’ ಅಂದರು. ಮಂಜ ಎದ್ದು ನಿಂತು ಪ್ರಾಮಾಣಿಕವಾಗಿ ಹಾಡಿದ. ಸರ್ ತನಗೆ ಇನ್ನೊಂದು ಅವಕಾಶ ಕೊಡುತ್ತಿದ್ದಾರೆ ಅಂದುಕೊಂಡಿದ್ದ. ದನಿ ಅಲ್ಲೇ ಸೀಳಿತು. ಸರ್ ಕಣ್ಣು ಮುಚ್ಚಿ, ಕತ್ತು ಚಾಚಿ, ಆ ಸೀಳಿದ ದನಿಯನ್ನು ಇದ್ದದ್ದು ಇದ್ದಂತೆ ತೆಗೆದರು. ಹುಡುಗರು ಬೆಂಚು ಬಡಿದು ನಕ್ಕರು.

ಅಂದಿನಿಂದ ಅದು ದಿನದ ಪಾಠವಾಯಿತು. ಪಕ್ಕದ ಸೆಕ್ಷನ್ನಿನವರು ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಮಂಜನಿಗೆ ‘ಒಡಕ್ಲು’ ಅಂತ ಹೆಸರಾಯಿತು. ಕಬಡ್ಡಿಯಲ್ಲಿ ಅವನು ರೈಡಿಗೆ ಹೋದರೆ ಆ ಕಡೆಯ ಟೀಮಿನವರು ಹಿಡಿಯುವುದನ್ನು ಬಿಟ್ಟು ಸರ್ ಥರವೇ ಕತ್ತು ಚಾಚುತ್ತಿದ್ದರು. ಅವನು ಬಚ್ಚಲಮನೆಯಲ್ಲಿ ಉಪ್ಪುನೀರು ಮುಕ್ಕಳಿಸುವುದು, ಮೆಣಸು ಬೆಲ್ಲ ಅಗಿಯುವುದು ನೋಡಿ ನಮ್ಮ ಅಜ್ಜಿ ಏನಾಯಿತೆಂದು ನನ್ನನ್ನು ಕೇಳಿತು. ನಾನು ಎಲ್ಲವನ್ನೂ ಹೇಳಿದೆ.

ಅಜ್ಜಿ ಮರುದಿನವೇ ಒಳ್ಳೆ ಸೀರೆ ಉಟ್ಟು, ಚೀಲದಲ್ಲಿ ತೆಂಗಿನಕಾಯಿ ಹಾಕಿಕೊಂಡು ನಮ್ಮ ಜೊತೆ ಹೊರಟಿತು. ಅದಕ್ಕೆ ಮುಂದಿನ ಹಲ್ಲು ಇರಲಿಲ್ಲ, ಮಾತಾಡಿದರೆ ಗಾಳಿ ಹೊರಡುತ್ತಿತ್ತು. ಸ್ಟಾಫ್ ರೂಮಿನ ಮುಂದೆ ನಿಂತು ಸೆರಗು ಎಳೆದುಕೊಂಡು ಹೇಳಿತು:

‘ಮೇಷ್ಟ್ರೇ, ಹುಡ್ಗ ವಯಸ್ಸಿಗ್ ಬತ್ತಾವ್ನೆ. ಗಂಟ್ಲು ಒಡೀತದೆ, ಆಮೇಕೆ ಕೂಡ್ಕಂತದೆ. ಅವ್ರ್ ತಾತಂಗೂ ಅಂಗೇ ಆಗಿತ್ತು. ಅಲ್ಲೀಗಂಟ ಅವುನ್ ಕೈಲಿ ಹಾಡುಸ್ಬ್ಯಾಡಿ ಕಣಪ್ಪ.’

ಸರ್ ಅಜ್ಜಿಗೆ ಕುರ್ಚಿ ಹಾಕಿಸಿದರು, ನೀರು ತರಿಸಿದರು. ‘ಇದಕ್ಕೋಸ್ಕರ ಇಷ್ಟು ದೂರ ನಡ್ಕೊಂಡ್ ಬಂದ್ರಾ ಅಜ್ಜಿ? ಅವ್ನು ನನ್ ಮಗ ಇದ್ದಂಗೆ’ ಎಂದು ಬಗ್ಗಿ ಕಾಲು ಮುಟ್ಟಿದರು. ಅಜ್ಜಿಯ ಕಣ್ಣು ತುಂಬಿತು. ಹೊರಡುವಾಗ ನನ್ನ ಕಿವಿಯಲ್ಲಿ, ‘ಎಂಥಾ ಮನುಸ್ಯ ಕಣವ್ವ. ನೀವೇ ಏನೇನೋ ಅಂದ್ಕಂಡಿದ್ರಿ’ ಅಂದಿತು.

ಆ ಮಧ್ಯಾಹ್ನ ಸರ್ ಕ್ಲಾಸಿಗೆ ಬಂದು ಪುಸ್ತಕ ತೆರೆಯಲಿಲ್ಲ. ಕೈಲಿದ್ದ ಟವಲ್ಲು ಬಿಚ್ಚಿ ತಲೆ ಮೇಲೆ ಸೆರಗಿನಂತೆ ಹೊದ್ದರು. ಬೆನ್ನು ಬಗ್ಗಿಸಿ, ತುಟಿಯನ್ನು ಹಲ್ಲಿನ ಒಳಕ್ಕೆ ಎಳೆದುಕೊಂಡು, ಗಾಳಿ ಹೊರಡಿಸುತ್ತ ಶುರು ಮಾಡಿದರು. ‘ಮೇಷ್ಟ್ರೇ, ಹುಡ್ಗ ವಯಸ್ಸಿಗ್ ಬತ್ತಾವ್ನೆ...’ ಒಂದು ಅಕ್ಷರ ತಪ್ಪಲಿಲ್ಲ. ಅಜ್ಜಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ್ದನ್ನೂ ಬಿಡಲಿಲ್ಲ. ಒಂದು ಕ್ಷಣ ನನಗೇ ಅಜ್ಜಿ ವಾಪಸ್ಸು ಬಂದು ನಿಂತಂತಾಯಿತು. ಹುಡುಗರು ಹೊಟ್ಟೆ ಹಿಡಿದುಕೊಂಡರು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ನೋಡಿದರು. ‘ವಯಸ್ಸಿಗ್ ಬತ್ತಾವ್ನೆ’ ಅನ್ನುವುದನ್ನು ಸರ್ ಇನ್ನೊಮ್ಮೆ ಹೇಳಿದರು. ಮತ್ತೆ ನಗು.

ಟವಲ್ಲು ತೆಗೆದು ಮಡಚಿ, ‘ಈಗ ಮೊಮ್ಮಗ ಹಾಡ್ತಾನೆ’ ಅಂದರು.

ಮಂಜ ಎದ್ದು ನಿಂತ. ಬಾಯಿ ತೆರೆಯಲಿಲ್ಲ.

‘ಹಾಡೋ.’

ಅವನು ಬೋರ್ಡು ನೋಡುತ್ತ ನಿಂತೇ ಇದ್ದ. ಸರ್ ಬೆತ್ತ ತರಿಸಿದರು. ಎರಡೂ ಅಂಗೈಗೆ ಬಿದ್ದಾಗಲೂ ಅವನಿಂದ ಒಂದು ಸದ್ದು ಬರಲಿಲ್ಲ. ಬೆಲ್ಲು ಹೊಡೆಯುವವರೆಗೂ ಹಾಗೇ ನಿಲ್ಲಿಸಿದರು.

ಆಮೇಲೆ ಮಂಜ ಆ ಸ್ಕೂಲಿನೊಳಗೆ ಮಾತಾಡಲೇ ಇಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದ. ಕೆಲವು ಮೇಷ್ಟ್ರುಗಳು ಅದಕ್ಕೂ ಹೊಡೆದರು, ಕೆಲವರು ಬೇಸತ್ತು ಬಿಟ್ಟರು. ದಾರಿಯಲ್ಲಿ ನಾನು ಏನಾದರೂ ಕೇಳಿದರೆ ಹೂಂ, ಉಹೂಂ ಅಷ್ಟೇ. ಮನೆಯಲ್ಲಿ ಅಜ್ಜಿ, ‘ಈಗ ಮೇಷ್ಟ್ರು ಹಾಡ್ಸಲ್ವಲ್ಲ ಮಗ?’ ಎಂದು ಕೇಳಿತು. ‘ಇಲ್ಲ ಅಜ್ಜಿ’ ಅಂದ. ಅದು ನಿಜವೇ ಆಗಿತ್ತು.

ಅಜ್ಜಿಗೆ ಅಷ್ಟು ಸಂತೋಷವಾಗಿ, ದೀಪಾವಳಿಗೆ ಸರ್‌ಗೆಂದು ಕಜ್ಜಾಯದ ಡಬ್ಬಿ ಕಳಿಸಿತು. ಬೇಡ ಅನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಯಾಕೆ ಅಂತ ಕೇಳಿದರೆ ಏನು ಹೇಳುವುದು? ನಾನು ಡಬ್ಬಿ ಕೊಟ್ಟಾಗ ಸರ್ ಮುಚ್ಚಳ ತೆಗೆದು ಮೂಸಿ, ‘ಅಜ್ಜಿ ಕಳ್ಸದಾ?’ ಎಂದು ಅಜ್ಜಿಯ ದನಿಯಲ್ಲೇ ಕೇಳಿದರು. ಸುತ್ತ ನಿಂತಿದ್ದವರು ನಕ್ಕರು. ಒಂದು ಕಜ್ಜಾಯ ಅಲ್ಲೇ ತಿಂದು, ಬಹಳ ಚೆನ್ನಾಗಿದೆ ಅಂತಲೂ ಹೇಳಿದರು. ಅದನ್ನು ನಾನು ಮನೆಗೆ ಹೋಗಿ ಅಜ್ಜಿಗೆ ತಿಳಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಸರ್‌ಗೆ ಬೇರೆ ಊರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು. ಸರ್ ಶಾಲು ಹೊದ್ದು, ಹಾರ ಹಾಕಿಕೊಂಡು, ಮೈಕಿನ ಮುಂದೆ ನಿಂತು ತಾವೂ ಅತ್ತರು. ‘ನನ್ ಮಕ್ಳು ಕಣ್ರೋ ನೀವು. ನಿಮ್ಮನ್ನ ಬಿಟ್ಟು ನಾನು ಹೆಂಗಿರ್ಲಿ’ ಅನ್ನುವಾಗ ದನಿ ನಡುಗಿತು. ಅದು ನಾಟಕವಾಗಿರಲಿಲ್ಲ ಎಂದು ಈಗಲೂ ನಂಬುತ್ತೇನೆ. ಕಣ್ಣೊರೆಸಿಕೊಂಡು, ‘ಮಂಜ, ಬಾರೋ. ಮನಸ್ಸಲ್ಲಿ ಏನೂ ಇಟ್ಕೋಬೇಡ. ಒಂದು ಹಾಡು ಹೇಳು’ ಎಂದು ಕರೆದರು.

ಮಂಜ ಹೋಗುವುದಿಲ್ಲ ಅಂದುಕೊಂಡೆ. ಹೋದ. ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡ. ಕ್ರಾಪು ಹಿಂದಕ್ಕೆ ತಳ್ಳಿ, ಗಂಟಲು ಸರಿ ಮಾಡಿಕೊಂಡು, ‘ಎಲ್ಲಯ್ಯಾ ನಮ್ಮ ಕೋಗಿಲೆ?’ ಅಂದ.

ಅದು ಸರ್ ದನಿ. ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡು ಅವನು ಕಲಿತದ್ದು ಅದನ್ನೇ. ಮೈದಾನದ ತುಂಬ ಚಪ್ಪಾಳೆ. ಸರ್ ಕೂಡ ನಕ್ಕು ತಲೆಯಾಡಿಸಿದರು. ಮಂಜ ಅಲ್ಲಿಗೆ ನಿಲ್ಲಿಸಲಿಲ್ಲ. ಇಲ್ಲದ ಶಾಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. ತುಟಿ ಅದುರಿಸುತ್ತ, ‘ನನ್ ಮಕ್ಳು ಕಣ್ರೋ ನೀವು’ ಅಂದ. ದನಿ ನಡುಗಿದ ಜಾಗದಲ್ಲೇ ನಡುಗಿಸಿದ. ಈಗತಾನೆ ಅತ್ತಿದ್ದ ಹುಡುಗಿಯರೇ ಮೊದಲು ನಕ್ಕರು. ಇಡೀ ಸ್ಕೂಲು ನಕ್ಕಿತು. ಅವನು ಇನ್ನೊಮ್ಮೆ ಮಾಡಿದ, ಮತ್ತೊಮ್ಮೆ ಮಾಡಿದ. ಪ್ರತಿ ಸಲವೂ ಅಳು ಸ್ವಲ್ಪ ಉದ್ದವಾಗುತ್ತಿತ್ತು. ಹೆಡ್‌ಮಾಸ್ಟರು ಎದ್ದು ಮೈಕು ಆರಿಸಿದರು.

ನಾನೂ ನಕ್ಕೆ. ಅಜ್ಜಿಗಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಸರ್ ಮುಖ ನೋಡಿದೆ. ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಮಂಜನ ಮುಖ ಹೇಗಿತ್ತೋ ಹಾಗೇ ಇತ್ತು. ಅವರು ಬೀಳ್ಕೊಡುಗೆಯ ಚಿತ್ರಾನ್ನ ಮುಟ್ಟದೆ ಸೈಕಲ್ಲು ತಳ್ಳಿಕೊಂಡು ಹೊರಟರು. ಅವತ್ತು ಊರ ಬಾಗಿಲವರೆಗೂ ಅವರ ಹಿಂದೆ ಹೋಗಬೇಕೆಂದು ಮಾತಾಡಿಕೊಂಡಿದ್ದವರು ಯಾರೂ ಹೋಗಲಿಲ್ಲ. ಎಲ್ಲರೂ ಮಂಜನ ಸುತ್ತ ಮುತ್ತಿಕೊಂಡಿದ್ದರು.

ಈಗ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಶಿಕ್ಷಕರ ದಿನಾಚರಣೆಗೆ ರಾಜಶೇಖರ್ ಸರ್ ಫೋಟೋ ಬರುತ್ತದೆ. ಅಂಥ ಮೇಷ್ಟ್ರು ಈಗ ಎಲ್ಲಿ ಎಂದು ಎಲ್ಲರೂ ಕೈ ಮುಗಿಯುವ ಚಿತ್ರ ಹಾಕುತ್ತಾರೆ. ಮಂಜ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಜ್ಜಿ ಹೇಳಿದಂತೆ ಗಂಟಲು ಕೂಡಿಕೊಂಡಿತು, ಒಳ್ಳೆ ಗಡಸು ದನಿ. ಆದರೆ ಅವನು ಹಾಡಿದ್ದನ್ನು ಮತ್ತೆ ಯಾರೂ ಕೇಳಿಲ್ಲ. ಮಿಮಿಕ್ರಿ ಮಾಡುತ್ತಾನೆ. ಹೊಸದಾಗಿ ಸೇರಿದ ಹುಡುಗರು ಮಾತಾಡುವುದು, ಮಾವ ಉಣ್ಣುವುದು, ಹೆಂಡತಿ ಮುನಿಸಿಕೊಳ್ಳುವುದು. ನೆಂಟರು ಬಿದ್ದು ಬಿದ್ದು ನಗುತ್ತಾರೆ, ಊಟಕ್ಕೆ ಮಾತ್ರ ಅವನ ಪಕ್ಕ ಕೂರುವುದಿಲ್ಲ.

ಅಜ್ಜಿ ನಾವು ಪಿಯುಸಿಯಲ್ಲಿದ್ದಾಗಲೇ ಹೋಯಿತು. ಆಗ ದನಿ ಹಿಡಿದಿಡಲು ನಮ್ಮ ಮನೆಯಲ್ಲಿ ಏನೂ ಇರಲಿಲ್ಲ. ಹೋದ ತಿಂಗಳು ನಾನು ಮದುವೆಯಾಗಿ ಬಂದ ಕುಣಿಗಲ್ಲಿನ ಮನೆಯಲ್ಲಿ ನನ್ನ ಮೊಮ್ಮಗುವಿನ ನಾಮಕರಣ ಇತ್ತು. ಅಜ್ಜಿಯ ಹೆಸರನ್ನೇ ಇಟ್ಟೆವು. ಊಟ ಮುಗಿದು ಹಿತ್ತಲಲ್ಲಿ ನಾವಿಬ್ಬರೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಮಂಜನನ್ನು ಕೇಳಿದೆ.

‘ಎಲ್ಲಾರ್ ಥರಾನೂ ಮಾಡ್ತೀಯಲ್ಲ, ಅಜ್ಜಿ ಥರ ಒಂದ್ಸಲ ಮಾತಾಡೋ. ನಂಗೆ ಮರ್ತೋಗ್ತಾ ಐತೆ.’

ಅವನು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ. ತುಟಿಯನ್ನು ಒಳಕ್ಕೆ ಎಳೆದುಕೊಂಡು ಶುರು ಮಾಡಿದ. ಎರಡು ಮಾತಿಗೇ ನನಗೆ ಗೊತ್ತಾಯಿತು; ಅವನಿಗೂ ಗೊತ್ತಾಗಿ ನಿಲ್ಲಿಸಿದ. ಅದು ಅಜ್ಜಿಯಲ್ಲ. ತಲೆ ಮೇಲೆ ಟವಲ್ಲು ಹೊದ್ದು ನಿಂತಿದ್ದ ರಾಜಶೇಖರ್ ಸರ್. ನಾನು ಕಣ್ಣು ಮುಚ್ಚಿ, ಅದರಾಚೆ ಇದ್ದ ನಮ್ಮ ಅಜ್ಜಿಯ ದನಿಗಾಗಿ ಹುಡುಕಿದೆ. ಸಿಗಲಿಲ್ಲ.

‘ನಂಗೂ ಇದೊಂದೇ ಬರೋದು ಕಣೇ’ ಅಂದ ಮಂಜ.