ಐಡ್ಲಿಂಗ್ ಮೇಷ್ಟ್ರ ಎಡಗೈ

ನನ್ನ ಮಾವ ನಲವತ್ತೊಂದು ವರ್ಷ ಕಾರು ರಿಪೇರಿ ಮಾಡಿದವರು. ಎಲ್ಲ ಕೆಲಸವೂ ಬರುತ್ತಿತ್ತು, ಆದರೆ ಅವರ ಹೆಸರು ಹಬ್ಬಿದ್ದು ಒಂದೇ ಕೆಲಸಕ್ಕೆ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೂ ಎಂಜಿನ್ ಆಫ್ ಆಗದೆ, ಮೆತ್ತಗೆ, ಒಂದೇ ಸಮನೆ ಓಡುತ್ತಿರಬೇಕು. ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಪ್ರಾಣ ಬಿಡುವ ಹಳೆಯ ಕಾರುಗಳನ್ನು, ಬೇರೆಯವರೆಲ್ಲ ಕೈಚೆಲ್ಲಿದ ಮೇಲೆ, ಜನ ಇವರ ಶೆಡ್ಡಿಗೆ ತಳ್ಳಿಕೊಂಡು ಬರುತ್ತಿದ್ದರು. ಬಾನೆಟ್ ಎತ್ತುವ ಮೊದಲು ಮಾವ ಕಾರಿನವರಿಗೆ ಕಾರ್ಬ್ಯುರೇಟರ್ ಅಂದರೇನು, ಅದರೊಳಗೆ ಪೆಟ್ರೋಲೂ ಗಾಳಿಯೂ ಹೇಗೆ ಬೆರೆಯುತ್ತವೆ ಎಂದು ಅರ್ಧ ಗಂಟೆ ಪಾಠ ಮಾಡುತ್ತಿದ್ದರು. ಹಾಗಾಗಿ ಐಡ್ಲಿಂಗ್ ಮೇಷ್ಟ್ರು ಅಂತಲೇ ಹೆಸರು ಬಿದ್ದಿತ್ತು.

"ಬಾಯಿ ತೆಗೆದ್ರೆ ಮುಚ್ಚಲ್ಲ," ಎನ್ನುತ್ತಿದ್ದರು ಅತ್ತೆ. "ಅಡುಗೆಮನೆಯಿಂದ ನಾನು ಹತ್ತು ಸಲ ಕೂಗಿದ್ರೂ ಕೇಳ್ಸಲ್ಲ ಈ ಮನುಷ್ಯಂಗೆ. ಬೀದಿ ಕೊನೇಲಿ ಯಾವ್ದೋ ಕಾರು ಕೆಮ್ಮಿದ್ರೆ ಮಾತ್ರ ಕಿವಿ ನೆಟ್ಟಗಾಗುತ್ತೆ."

ಅಂಥ ಬಾಯಿ ಒಂದು ಬೆಳಗ್ಗೆ, ಹಲ್ಲುಜ್ಜುತ್ತಿರುವಾಗ, ಕಟ್ಟಿಹೋಯಿತು. ಪಾರ್ಶ್ವವಾಯು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ನೇತಾಡುತ್ತಿತ್ತು, ಬಲಗಾಲು ಎಳೆಯುತ್ತಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು: "ಆಯ್ತು." ನೀರು ಬೇಕಾದರೂ ಆಯ್ತು, ಬೇಡವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಮಾತು ಕಲಿಸಲು ಬರುತ್ತಿದ್ದ ಟೀಚರ್ ಲೋಟದ ಚಿತ್ರ ಹಿಡಿದು "ಇದೇನು ಹೇಳಿ?" ಎಂದರೆ, ಮಾವ ಅದನ್ನೇ ದಿಟ್ಟಿಸಿ, ತುಟಿ ಕಚ್ಚಿ, ಕೊನೆಗೆ "ಆಯ್ತು" ಎಂದು ಮುಖ ತಿರುಗಿಸುತ್ತಿದ್ದರು. ಆ ಪಾಠದ ಹೊತ್ತಿಗೆ ನನ್ನ ಗಂಡ ಏನೋ ನೆಪ ಹೇಳಿ ಹೊರಗೆ ಹೋಗಿಬಿಡುತ್ತಿದ್ದರು. ಮಗನಿಗೆ ನೋಡಲು ಆಗುತ್ತಿರಲಿಲ್ಲ. ಶೆಡ್ಡಿಗೆ ಬೀಗ ಬಿತ್ತು. ಮಾವನೊಳಗೆ ಇದ್ದದ್ದೆಲ್ಲ ಅಳಿಸಿಹೋಗಿದೆ ಎಂದೇ ನಾವು ತಿಳಿದಿದ್ದೆವು.

ನಾನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಆರಕ್ಕೆ ಹೊರಟು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ, ರಕ್ತ ತೆಗೆದು, ಒಂಬತ್ತರೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ಓಡಾಟಕ್ಕೆ ಮಾವನದೇ ಹಳೆಯ ಪುಟ್ಟ ಕಾರು, ಬೆಂಕಿಪೊಟ್ಟಣಕ್ಕೆ ಚಕ್ರ ಹಚ್ಚಿದಂಥದ್ದು. ಮಾವ ಮಲಗಿದ ಎಂಟನೆಯ ತಿಂಗಳಿಗೆ ಅದೂ ಕೈಕೊಟ್ಟಿತು. ಗಾಳಿ ಕಡಿಮೆ ಮಾಡುವ ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ಚೋಕ್ ಒಳಗೆ ತಳ್ಳಿದ್ದೇ ತಡ, ಕಾರು ನಿಧಾನ ಮಾಡಿದಲ್ಲೆಲ್ಲ ಆಫ್. ಒಂದೇ ಬೆಳಗ್ಗೆ ಏಳು ಸಲ ನಿಂತಿತು, ಅದರಲ್ಲೊಮ್ಮೆ ಆಂಬುಲೆನ್ಸಿಗೆ ಅಡ್ಡವಾಗಿ. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಬೀದಿ ತಿರುವಿನ ಹೊಸ ಗ್ಯಾರೇಜಿನ ಮೆಕ್ಯಾನಿಕ್ ಒಳ್ಳೆಯವನು. ಒಂದು ಸ್ಕ್ರೂ ಬಿಗಿ ಮಾಡಿ ಎಂಜಿನ್ನಿನ ಓಟವನ್ನು ಏರಿಸಿದ. "ಈಗ ಆಫ್ ಆಗಲ್ಲ ಬಿಡಿ ಅಕ್ಕ." ಆಫ್ ಆಗಲಿಲ್ಲ, ಆದರೆ ನಿಂತಲ್ಲೇ ಅರಚತೊಡಗಿತು, ಗೇರ್ ಹಾಕಿದರೆ ಕುದುರೆಯಂತೆ ನೆಗೆಯಿತು. ಮತ್ತೆ ಹೋದಾಗ ಅವನು ತಲೆ ಕೆರೆದುಕೊಂಡ.

"ನಾವು ಕಲ್ತಿದ್ದು ಕಂಪ್ಯೂಟರ್ ಹಚ್ಚಿ ನೋಡೋದು ಅಕ್ಕ. ಇದಕ್ಕೆ ಎಲ್ಲಿ ಅಂತ ಹಚ್ಚಲಿ? ಮೇಷ್ಟ್ರು ಚೆನ್ನಾಗಿದ್ದಿದ್ರೆ..." ಎನ್ನುತ್ತ ಬಾನೆಟ್ ಮುಚ್ಚಿದ.

ಒಂದು ಭಾನುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮನೆ ಮುಂದೆ ಕಾರು ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಏನೂ ತಿಳಿಯದೆ ನೋಡುತ್ತ ನಿಂತಿದ್ದೆ. ಬೆನ್ನ ಹಿಂದೆ ಊರುಗೋಲಿನ ಸದ್ದಾಯಿತು. ಎಂಟು ತಿಂಗಳಲ್ಲಿ ಒಮ್ಮೆಯೂ ತಾವಾಗಿ ಹೊಸ್ತಿಲು ದಾಟದಿದ್ದ ಮಾವ ಬನಿಯನ್ನಿನಲ್ಲೇ ಮೂರು ಮೆಟ್ಟಿಲು ಇಳಿದು ಬಂದಿದ್ದರು.

"ಬೀಳ್ತೀರ ರೀ!" ಎಂದು ಅತ್ತೆ ಓಡಿ ಬಂದರು. ಮಾವ ಹಿಂತಿರುಗಿ ನೋಡಲಿಲ್ಲ. ಊರುಗೋಲನ್ನು ನನ್ನ ಕೈಗೆ ತುರುಕಿ, ಎಡ ಅಂಗೈಯನ್ನು ಮಡ್‌ಗಾರ್ಡ್ ಮೇಲೆ ಊರಿ, ಕಣ್ಣು ಮುಚ್ಚಿದರು. ಅರಚುತ್ತಿದ್ದ ಎಂಜಿನ್ನಿನ ನಡುಕ ಅವರ ಮೊಣಕೈವರೆಗೂ ಹರಿಯುವುದು ನನಗೆ ಕಾಣುತ್ತಿತ್ತು. ಆಮೇಲೆ ಕಣ್ಣು ತೆರೆದು, ಏರ್ ಫಿಲ್ಟರ್ ತೆಗೆ ಎಂದು ಬೆರಳು ತೋರಿಸಿದರು.

ಶೆಡ್ಡಿನ ಬೀಗ ತೆಗೆದು ಸ್ಪ್ಯಾನರ್ ಡಬ್ಬಿ ತಂದೆ. ಫಿಲ್ಟರ್ ಬಿಚ್ಚಿದ ಮೇಲೆ ಮಾವ ಕಾರ್ಬ್ಯುರೇಟರಿನ ಬಾಯಿಯನ್ನು ಅಂಗೈಯಿಂದ ಅರ್ಧ ಮುಚ್ಚಿದರು. ಎಡವಿ ಎಡವಿ ಓಡುತ್ತಿದ್ದ ಎಂಜಿನ್ ತಟ್ಟನೆ ಹದಕ್ಕೆ ಬಂತು. ಕೈ ತೆಗೆದರೆ ಮತ್ತೆ ಅದೇ ಪಾಡು. ನನ್ನ ಮುಖ ನೋಡಿ, "ಆಯ್ತು?" ಎಂದರು.

"ಗಾಳಿ ಜಾಸ್ತಿಯಾಗಿದ್ಯಾ ಮಾವ? ಪೆಟ್ರೋಲ್ ಸಾಲ್ತಿಲ್ವಾ?"

"ಆಯ್ತು!"

ಇದು ಹೌದು ಎಂಬ ಆಯ್ತು. ಎಂಟು ತಿಂಗಳು ಒಂದೇ ಎಂದುಕೊಂಡಿದ್ದ ಆ ಶಬ್ದದಲ್ಲಿ ಪ್ರಶ್ನೆ ಬೇರೆ ಇತ್ತು, ಉತ್ತರ ಬೇರೆ ಇತ್ತು.

ಮುಂದೆ ಅವರು ಬನಿಯನ್ನನ್ನು ಎದೆಯ ಮೇಲೆ ಉಜ್ಜಿ ತೋರಿಸಿದರು. ನನಗೆ ತಿಳಿಯಲಿಲ್ಲ. ನಲವತ್ತು ವರ್ಷ ಆ ಬಟ್ಟೆಗಳ ಗ್ರೀಸ್ ತೆಗೆದಿದ್ದ ಅತ್ತೆಗೆ ತಕ್ಷಣ ತಿಳಿಯಿತು. "ಸೋಪು ನೀರು ಕೇಳ್ತಿದಾರೆ ಕಣೆ." ಸೋಪು ನೀರನ್ನು ನನ್ನ ಬ್ಯಾಗಿನಲ್ಲಿದ್ದ ಸೂಜಿಯಿಲ್ಲದ ಸಿರಿಂಜಿಗೆ ತುಂಬಿ, ಮಾವ ತೋರಿಸಿದಲ್ಲಿ, ಕಾರ್ಬ್ಯುರೇಟರ್ ಎಂಜಿನ್ನಿಗೆ ಕೂಡುವ ಬುಡದ ಸುತ್ತ ಹನಿಸುತ್ತ ಬಂದೆ. ಮೂರನೆಯ ಮೂಲೆಯಲ್ಲಿ ನೊರೆ ಸುಯ್ಯೆಂದು ಒಳಗೆ ಹೋಯಿತು. ಎಂಜಿನ್ನಿನ ದನಿಯೇ ಬದಲಾಯಿತು. ಕಳ್ಳಗಾಳಿ ಅಲ್ಲಿಂದ ನುಗ್ಗುತ್ತಿತ್ತು.

ಎಂಜಿನ್ ಆರಿದ ಮೇಲೆ ಕಾರ್ಬ್ಯುರೇಟರ್ ಕಳಚಿದೆವು. ನಾನದನ್ನು ಎತ್ತುವಷ್ಟರಲ್ಲಿ ಮಾವ ಕೆಳಗಿನ ತೂತಿಗೆ ಬಟ್ಟೆ ತುರುಕಿಯಾಗಿತ್ತು, ಒಳಗೆ ಕಸ ಬೀಳಬಾರದಲ್ಲ. ಗಾಳಿ ನುಸುಳದಂತೆ ನಡುವೆ ಇಡುವ ಗ್ಯಾಸ್ಕೆಟ್ ಒಣಗಿ ಬಿರುಕು ಬಿಟ್ಟಿತ್ತು. ಗ್ಯಾಸ್ಕೆಟ್ ಕಾಗದ ಶೆಡ್ಡಿನ ಯಾವ ಡಬ್ಬಿಯಲ್ಲಿದೆ ಎಂದು ಬೆರಳಲ್ಲೇ ಹೇಳಿದರು: ಮೇಲಿನ ಹಲಗೆ, ಎಡದಿಂದ ನಾಲ್ಕನೆಯದು. ಅಲ್ಲೇ ಇತ್ತು. ಹಳೆಯದನ್ನು ಅಳತೆಗಿಟ್ಟು ನಾನು ಕತ್ತರಿಸಿದೆ.

ಜೋಡಿಸಿ ಸ್ಟಾರ್ಟ್ ಮಾಡಿದಾಗ ಒರಟುತನ ತಗ್ಗಿತ್ತು. ಆದರೆ ಮೆಕ್ಯಾನಿಕ್ ಬಿಗಿ ಮಾಡಿದ್ದ ಸ್ಕ್ರೂ ಸಡಿಲಿಸುತ್ತ ಬಂದಂತೆ ಎಂಜಿನ್ ಮತ್ತೆ ಸತ್ತಿತು. ನನಗೆ ಸಾಕಾಯಿತು. "ಹೋಗ್ಲಿ ಬಿಡಿ ಮಾವ, ನಿಮ್ಗೂ ಆಯಾಸ."

"ಆಯ್ತು! ಆಯ್ತು!" ಮಡ್‌ಗಾರ್ಡಿಗೆ ಪಟಪಟ ಬಡಿದರು. ಬೈಗುಳ ಅದು, ಅನುಮಾನವೇ ಇಲ್ಲ.

ಓಟವನ್ನು ತುಸು ಏರಿಸಿಟ್ಟು, ಬುಡದಲ್ಲಿದ್ದ ಇನ್ನೊಂದು ಪುಟ್ಟ ಸ್ಕ್ರೂ ತಿರುಗಿಸಲು ಸನ್ನೆ ಮಾಡಿದರು. ನಿಧಾನ ಓಟಕ್ಕೆ ಎಷ್ಟು ಪೆಟ್ರೋಲ್ ಎಂದು ತೀರ್ಮಾನಿಸುವುದು ಅದು. ಪೂರ್ತಿ ಒಳಕ್ಕೆ ತಿರುಗಿಸಿದರೂ ದನಿ ಬದಲಾಗಲಿಲ್ಲ, ಹೊರಕ್ಕೆ ತಿರುಗಿಸಿದರೂ ಇಲ್ಲ. ಮಾವ ಕಾಯುತ್ತ ನಿಂತರು, ದಡ್ಡ ವಿದ್ಯಾರ್ಥಿಗೆ ತಾನಾಗಿ ಹೊಳೆಯಲಿ ಎಂಬಂತೆ.

"ಅಲ್ಲಿಗೆ ಪೆಟ್ರೋಲೇ ಬರ್ತಿಲ್ಲ ಅಲ್ವಾ ಮಾವ! ಎಲ್ಲೋ ಕಟ್ಟಿದೆ!"

ಅವರು ತೋರಿಸಿದ, ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟನ್ನು ಬಿಚ್ಚಿದೆ. ಉಗುರಿನಷ್ಟುದ್ದ, ನಡುವೆ ಕೂದಲು ತೂರುವಷ್ಟು ತೂತು. ಆಕಾಶಕ್ಕೆ ಹಿಡಿದು ನೋಡಿದರೆ ಬರೀ ಕತ್ತಲೆ. ನಾನು ಬ್ಯಾಗಿನಿಂದ ಸೂಜಿ ತೆಗೆದದ್ದೇ, ಮಾವ ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಆ ಎಡಗೈಯಲ್ಲಿ ಅಷ್ಟು ಬಲವಿದೆಯೆಂದು ನನಗೆ ಗೊತ್ತಿರಲಿಲ್ಲ. ಲೋಹ ತಾಗಿದರೆ ತೂತು ದೊಡ್ಡದಾಗಿ ಜೆಟ್ಟೇ ಕೆಡುತ್ತದಂತೆ, ಆಮೇಲೆ ಮೆಕ್ಯಾನಿಕ್ ಹೇಳಿದ. ಮಾವ ಬಟ್ಟೆ ಬ್ರಷ್ಷಿನಿಂದ ಒಂದೇ ಒಂದು ನೈಲಾನ್ ಎಳೆ ಕಿತ್ತು ಕೊಟ್ಟರು. ಜೆಟ್ಟನ್ನು ಪೆಟ್ರೋಲಿನಲ್ಲಿ ನೆನೆಸಿ, ಎಳೆ ಆಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಮಾವ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, ನನ್ನ ಕಣ್ಣ ಮುಂದೆ ಹಿಡಿದರು.

ಒಳಗೆ ಬೆಳಕಿನ ಒಂದು ಚುಕ್ಕೆ, ದುಂಡಗೆ, ಚೂಪಾಗಿ.

ಸಾಸಿವೆಗಿಂತ ಸಣ್ಣ ಒಂದು ರಕ್ತದ ಹೆಪ್ಪು ಈ ಮನುಷ್ಯನ ಮಾತನ್ನೆಲ್ಲ ಕೊಚ್ಚಿಕೊಂಡು ಹೋಗಿತ್ತು. ಲೋಟ ಎಂಬ ಹೆಸರು ಉಳಿಯದ ಆ ತಲೆಯಲ್ಲಿ ಈ ಚುಕ್ಕೆ, ಅದರ ದಾರಿ, ಅದರ ಜೋಪಾನ, ಎಲ್ಲ ಇಟ್ಟಲ್ಲೇ ಇದ್ದವು. ದಿನವೂ ಊಟ ಬಡಿಸುತ್ತಿದ್ದೆ, ಮಾತ್ರೆ ಕೊಡುತ್ತಿದ್ದೆ, ಆದರೂ ನನ್ನ ಮುಂದಿರುವವರು ಯಾರೆಂದು ನನಗೆ ಗೊತ್ತಿರಲಿಲ್ಲ.

ಮತ್ತೆ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ, ಅವರ ಎಡಗೈ ನನ್ನ ಕೈಯ ಮೇಲೆ ಕೂತಿತು. ಪುಟ್ಟ ಸ್ಕ್ರೂ ಕಾಲು ಸುತ್ತು ಹೊರಕ್ಕೆ, ಓಟ ಏರಿತು. ಇನ್ನೊಂದನ್ನು ಸಡಿಲಿಸಿ ಓಟ ಇಳಿಸಿದೆವು. ಮತ್ತೆ ಇದು, ಮತ್ತೆ ಅದು, ಪ್ರತಿಸಲ ಇನ್ನೂ ಕಡಿಮೆ. ಎಂಜಿನ್ನಿನ ದನಿ ತಗ್ಗುತ್ತ ತಗ್ಗುತ್ತ ಎದುರು ಮನೆಯ ರೇಡಿಯೊ ಕೇಳಿಸತೊಡಗಿತು.

"ಅಯ್ಯೋ, ಮತ್ತೆ ಆಫ್ ಆಯ್ತಾ?" ಬಾಗಿಲಿಂದ ಅತ್ತೆ ಕೇಳಿದರು.

"ಇಲ್ಲ ಅತ್ತೆ, ಓಡ್ತಿದೆ!"

ಅವರು ನಂಬದೆ ಬಂದು ಬಾನೆಟ್ಟಿನ ಅಂಚು ಮುಟ್ಟಿ ನೋಡಿ, ಗಂಡನ ಮುಖ ನೋಡಿ, ಸೆರಗಿನಿಂದ ಅವರ ಹಣೆಯ ಮಸಿ ಒರೆಸಿದರು. ಅಷ್ಟು ಹೊತ್ತಿಗೆ ತರಕಾರಿ ಚೀಲ ಹಿಡಿದು ಬಂದ ನನ್ನ ಗಂಡ ಗೇಟಿನಲ್ಲೇ ನಿಂತುಬಿಟ್ಟರು.

"ಅಪ್ಪಾ, ಎಲ್ಲಾ ನೆನಪಿದ್ಯಾ ನಿಂಗೆ?"

ಮಾವ ಅವರನ್ನು ಮೇಲಿಂದ ಕೆಳಗೆ ನೋಡಿ "ಆಯ್ತು" ಎಂದರು. ಮತ್ತೇನಂದುಕೊಂಡಿದ್ದೆ ಎಂಬಂತಿತ್ತು. ನನ್ನ ಗಂಡ ನಗಲು ಹೋಗಿ ಅತ್ತರು.

ಅದಾಗಿ ಎರಡು ವರ್ಷ. ಬಲಗೈ ಹಾಗೆಯೇ ಇದೆ. ಮಾತು ಹತ್ತಿಪ್ಪತ್ತು ಬಂದಿದೆ, ಮೊದಲು ಬಂದದ್ದು "ಗಾಳಿ". ಟೀಚರ್ ಚಿತ್ರಗಳನ್ನು ಬಿಟ್ಟು ಕಾರ್ಬ್ಯುರೇಟರಿನ ಭಾಗಗಳನ್ನೇ ತಟ್ಟೆಯಲ್ಲಿ ಹರಡಿ ಪಾಠ ಮಾಡುತ್ತಾರೆ. ಮಾವ ಒಂದೊಂದನ್ನೇ ಎತ್ತಿ ಹೆಸರು ಹೇಳುವಾಗ ಟೀಚರ್ ನನ್ನತ್ತ ವಾಲಿ, "ಸರಿಯಾಗಿ ಹೇಳ್ತಿದಾರಾ?" ಎಂದು ಪಿಸುಗುಟ್ಟುತ್ತಾರೆ. ಭಾನುವಾರ ಹತ್ತರಿಂದ ಒಂದರವರೆಗೆ ಶೆಡ್ಡು ತೆರೆದಿರುತ್ತದೆ. ತಿರುವಿನ ಮೆಕ್ಯಾನಿಕ್ ತನ್ನಿಂದಾಗದ ಹಳೆಯ ಕಾರುಗಳನ್ನು ಅಲ್ಲಿಗೆ ತರುತ್ತಾನೆ. ಮಾವನ ಎಡಗೈ ತೋರಿಸಿದಂತೆ ಸ್ಕ್ರೂ ತಿರುಗಿಸುವುದು ನಾನು. ಅವನು ಪಕ್ಕದಲ್ಲಿ ನಿಂತು, ಕೈಕಟ್ಟಿಕೊಂಡು ನೋಡುತ್ತಾನೆ.