ಹೊಲಿಗೆ ಟೀಚರಮ್ಮ ಬರೆದುಕೊಂಡ ಮಾತು

ಮೊನ್ನೆ ಮೊಮ್ಮಗಳ ಲಂಗಕ್ಕೆ ಅಳತೆ ಕೊಡಲು ಹೋದಾಗ ಟೈಲರ್ ಅಂಗಡಿಯಲ್ಲಿ ಮಿಷನ್ ಎಣ್ಣೆಯ ವಾಸನೆ ಬಂತು. ನಮ್ಮ ಹೊಲಿಗೆ ಟೀಚರಮ್ಮನ ಸೆರಗಿನಲ್ಲೂ ಅದೇ ವಾಸನೆ ಇರುತ್ತಿತ್ತು...

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯಲ್ಲಿ ಆರನೇ ಕ್ಲಾಸಿನಲ್ಲಿದ್ದೆ. ಲೆಕ್ಕದ ಮೇಷ್ಟ್ರು ಸಂಜೆ ಪಾಠವೆಂದು ಒಬ್ಬೊಬ್ಬ ಹುಡುಗಿಯನ್ನು ಉಳಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಮರೆತ ಪುಸ್ತಕಕ್ಕೆಂದು ಹಿಂತಿರುಗಿದೆ. ಕೋಣೆಗೆ ಒಳಗಿನಿಂದ ಚಿಲಕ ಹಾಕಿತ್ತು. ಅಂದು ಉಳಿದಿದ್ದ ನನ್ನ ಗೆಳತಿಯ ಹೆಸರು ಹಿಡಿದು ಕೂಗಿದೆ. ಬಾಗಿಲು ತೆರೆಯಿತು, ಅವಳು ಅಳುತ್ತ ಓಡಿಹೋದಳು.

ಮರುದಿನ ಅವಳಿಗೆ ಸೂಜಿ ಹಿಡಿಯಲೂ ಆಗಲಿಲ್ಲ. ಟೀಚರಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಆಗ ಎಲ್ಲ ಹೇಳಿದಳು.

ಶಾಲೆಯ ಕಮಿಟಿ ಸೇರಿತು. "ಮೇಷ್ಟ್ರ ಎದುರ್ಗೇ ಯೋಳ್ಲಿ, ಸುಳ್ಳೋ ನಿಜ್ವೋ ಗೊತ್ತಾಯ್ತದೆ," ಎಂದರು ಹಿರಿಯರೊಬ್ಬರು.

ಟೀಚರಮ್ಮ ಬಾಗಿಲಿಗೆ ಅಡ್ಡ ನಿಂತರು. "ಆ ಮಗೀನ ಅವ್ರ ಮುಂದೆ ನಿಲ್ಸಕೆ ನಾ ಬುಡಲ್ಲ."

ನನ್ನಪ್ಪನೂ ಕಮಿಟಿಯಲ್ಲಿದ್ದರು. ಮನೆಯಲ್ಲಿ ನನ್ನ ಭುಜ ಹಿಡಿದು, "ನೀನು ಏನೂ ಕಂಡಿಲ್ಲ, ತಿಳೀತಾ?" ಎಂದರು. ಮಾರನೆಯ ದಿನ ಟೀಚರಮ್ಮ ನನ್ನೊಬ್ಬಳನ್ನೇ ಕರೆದರು.

"ಎದರ್ಕಬ್ಯಾಡ ಕಣಮ್ಮಿ. ಕಂಡಿದ್ದಷ್ಟೇ ಯೋಳು. ಕಾಣದ್ದು ಬ್ಯಾಡ."

ಅಪ್ಪನ ಮಾತು ಮೀರಿ ಹೇಳಿದೆ. ಚಿಲಕ, ಕೂಗು, ಅಳು, ಅಷ್ಟೇ. ನನ್ನ ಮಾತಿನಲ್ಲೇ ಬರೆದುಕೊಂಡು, ಓದಿ ಹೇಳಿ, ರುಜು ಹಾಕಿಸಿದರು. ಅದನ್ನು ಹಿಡಿದು, ವಿದ್ಯಾ ಇಲಾಖೆಯ ಸಾಹೇಬರನ್ನು ಕಾಣಲು ಚಾಮರಾಜನಗರದ ಬಸ್ಸು ಹತ್ತಿದರು.

ವಾರದೊಳಗೆ ಮೇಷ್ಟ್ರಿಗೆ ಬೇರೆ ಹಳ್ಳಿಗೆ ವರ್ಗವಾಯಿತು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಟೀಚರಮ್ಮ ಮಾತ್ರ ಮತ್ತೆ ಬಸ್ಸು ಹತ್ತಿದರು. "ಅಲ್ಲೂ ಹೆಣ್ಮಕ್ಳು ಓದ್ತವಲ್ಲ ಸಾರ್?" ಎಂದು ಸಾಹೇಬರನ್ನು ಕೇಳಿದರಂತೆ.

ಮೂರನೆಯ ಸಲ ಹೋಗಿಬಂದ ಮೇಲೆ ಅಧಿಕಾರಿಯೊಬ್ಬರು ಬಂದು, ಹುಡುಗಿಯರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಇನ್ನಿಬ್ಬರು ಬಾಯಿಬಿಟ್ಟರು. ಮೇಷ್ಟ್ರ ಕೆಲಸ ಹೋಯಿತು.

ಆದರೆ ಗೆಳತಿಯನ್ನು ಮನೆಯವರು ಶಾಲೆ ಬಿಡಿಸಿ ಹರದನಹಳ್ಳಿಯ ಸೋದರತ್ತೆಯ ಮನೆಗೆ ಕಳಿಸಿದರು. ವರ್ಷ ತುಂಬುವುದರೊಳಗೆ ಟೀಚರಮ್ಮನನ್ನೂ ದೂರಕ್ಕೆ ವರ್ಗ ಮಾಡಿದರು. ಅಪ್ಪನ ಮುಖ ನೋಡಿ, ಅವರನ್ನು ಕಳಿಸಿಕೊಡಲು ನಾನು ಹೋಗಲಿಲ್ಲ.

ಎಷ್ಟೋ ವರ್ಷದ ಮೇಲೆ ಗೋಪಾಲಸ್ವಾಮಿ ಬೆಟ್ಟದಲ್ಲಿ ಗೆಳತಿ ಸಿಕ್ಕಳು, ಜೊತೆಗೆ ಗಂಡ, ಮಕ್ಕಳು. ಹಳೆಯದೇನೂ ಎತ್ತಲಿಲ್ಲ. ಹೊರಡುವಾಗ ಮಾತ್ರ ಮೆಲ್ಲಗೆ, "ಟೀಚರಮ್ಮ ಎಲ್ಲವ್ರೆ?" ಎಂದಳು.

ನಾನು ವಿಚಾರಿಸಿಯೇ ಇರಲಿಲ್ಲ. ಈಗ ಆ ಗೆಳತಿಯೂ ಇಲ್ಲ. ಟೀಚರಮ್ಮ ಯಾವ ಊರಿನಲ್ಲಿ ಕಣ್ಣು ಮುಚ್ಚಿದರೋ, ಹೇಳಬಲ್ಲವರು ಯಾರೂ ಉಳಿದಿಲ್ಲ.