ಹೌನ್ಸ್ಲೋದಲ್ಲಿ ಕತ್ತರಿಸಿದ ಜುಟ್ಟು

ದೆವ್ವ, ಮಾಟ, ತಾಯತಗಳ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ಈಗಲೂ ಹೋಗುತ್ತೇನೆ. ಮೊದಲು ಬೇಸರಕ್ಕೆ ಹೋಗುತ್ತಿದ್ದೆ, ಈಗ ಹೆದರಿಕೆಗೆ.

ನಮ್ಮತ್ತೆ ವಿಜಯಪುರದ ಹತ್ತಿರದ ಹಳ್ಳಿಯವರು. ಮನೆದೇವರಿಗೆ ನಡೆದುಕೊಳ್ಳುವಷ್ಟೇ ಭಕ್ತಿಯಿಂದ ಊರ ದರ್ಗಾಕ್ಕೂ ನಡೆದುಕೊಳ್ಳುತ್ತಾರೆ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಅಲ್ಲಿ ಪ್ರಾರ್ಥನೆ ಹೇಳಿಸಿ ಸಕ್ಕರೆ ಓದಿಸದೆ ಆ ಊರಲ್ಲಿ ಯಾರೂ ಮುಂದೆ ಹೆಜ್ಜೆ ಇಡುವುದಿಲ್ಲ. ದರ್ಗಾದ ಅಜ್ಜ ಎಂಬ ಸಂತರು ಮಣ್ಣಾಗಿ ಎಷ್ಟೋ ತಲೆಮಾರು ಕಳೆದಿವೆ, ಊರಿನ ಯಜಮಾನಿಕೆ ಮಾತ್ರ ಇನ್ನೂ ಅವರದೇ ಎಂದು ನಾನು ಗಂಡನನ್ನು ಕಿಚಾಯಿಸುತ್ತಿದ್ದೆ.

ಎರಡು ಸಲ ಬಸಿರು ನಿಲ್ಲದೆ, ಆಮೇಲೆ ಮಗ ಹುಟ್ಟಿದಾಗ, ಅತ್ತೆ ಅಜ್ಜನ ಹೆಸರಿನಲ್ಲಿ ಅವನ ತಲೆಯ ಹಿಂದೆ ಒಂದು ಜುಟ್ಟು ಬಿಡಿಸಿದರು. "ಅದು ನಿನ್ನ ಮಗನ ಕೂದಲ ಅಲ್ಲವ್ವಾ, ಅಜ್ಜಾರದು. ದರ್ಗಾಕ್ಕ ಬಂದು ತೆಗಸೂತನಾ ಕತ್ರಿ ಹಚ್ಚಬ್ಯಾಡ" ಎಂದರು. ಪರದೇಶದ ಈ ಹೌನ್ಸ್ಲೋದಿಂದ ಊರಿಗೆ ಹೋಗುವುದು ಒಂದಲ್ಲ ಒಂದು ಕಾರಣಕ್ಕೆ ಮುಂದೆ ಬಿತ್ತು. ಅಷ್ಟರಲ್ಲಿ ಮಗ ಶಾಲೆಗೆ ಸೇರಿದ. ಹುಡುಗರು ಜುಟ್ಟು ಹಿಡಿದು ಎಳೆಯುತ್ತಾರೆಂದು ದಿನಾ ಅಳುತ್ತ ಬರುತ್ತಿದ್ದ. ಒಂದು ಡಿಸೆಂಬರಿನಲ್ಲಿ ನನಗೆ ಸಾಕಾಗಿ, ಶಾಲೆಯಿಂದ ನೇರ ಕಟಿಂಗ್ ಅಂಗಡಿಗೆ ಕರೆದೊಯ್ದೆ.

ಅಂಗಡಿಯ ಹಿರಿಯರು ಪಾಕಿಸ್ತಾನದ ಯಾವುದೋ ಹಳ್ಳಿಯವರು, ಎಲ್ಲರಿಗೂ ಚಾಚಾ. ಜುಟ್ಟು ಕೈಗೆ ಸಿಕ್ಕಿದ್ದೇ ತಡ, ಅವರು ಕತ್ತರಿ ಕೆಳಗಿಟ್ಟರು.

"ಇದು ಯಾರ ಹೆಸರಿನದು, ಬೇಟಿ?" ಎಂದು ಉರ್ದುವಿನಲ್ಲಿ ಕೇಳಿದರು.

ಯಾರದೂ ಅಲ್ಲ, ತೆಗೆಯಿರಿ ಎಂದೆ. ತಮ್ಮ ಕೈಯಿಂದ ಆಗದು ಎಂದು ಹಿಂದೆ ಸರಿದರು. ಪಕ್ಕದ ಕುರ್ಚಿಯಲ್ಲಿ ಕಟಿಂಗ್ ಮಾಡುತ್ತಿದ್ದವನು ನಕ್ಕು, ಒಂದೇ ಏಟಿಗೆ ತೆಗೆದುಬಿಟ್ಟ.

ಮನೆ ತಲುಪುವಾಗಲೇ ಕತ್ತಲಾಗಿತ್ತು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಮಗ ಟಿವಿ ಬಿಟ್ಟು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಅವನಿಗೆ ಕನ್ನಡ ತಿಳಿಯುತ್ತದೆ, ಆದರೆ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ. ಅಂಥವನು ನನ್ನನ್ನು ನೋಡುತ್ತ ಕೇಳಿದ:

"ನನ್ನ ಕೂದಲ ಎಲ್ಲಿ ಒಗದಿ, ತಂಗಿ?"

ದನಿ ಅವನದೇ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸಿಟ್ಟಿಲ್ಲ, ಅಳುವಿಲ್ಲ, ಕಳೆದ ಚಪ್ಪಲಿಯ ಬಗ್ಗೆ ವಿಚಾರಿಸುವ ಮುದುಕರ ಹಾಗೆ ಮತ್ತೆ ಮತ್ತೆ ಅದನ್ನೇ ಕೇಳಿದ. ಮುಟ್ಟಿದರೆ ಮೈ ತಣ್ಣಗೆ ಕೊರೆಯುತ್ತಿತ್ತು. ಗಂಡ ಏರ್‌ಪೋರ್ಟಿನ ಗೋದಾಮಿನಲ್ಲಿ ಶಿಫ್ಟಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಮಗ ಕೈತಪ್ಪಿ ಹೋಗುತ್ತಿದ್ದಾನೆ ಎಂದು ನನಗೆ ಅನಿಸಿಬಿಟ್ಟಿತು. ಆಸ್ಪತ್ರೆಗೆ ಓಡಬೇಕಾದವಳು ಅವನನ್ನು ಎತ್ತಿಕೊಂಡು ಆ ಅಂಗಡಿಗೇಕೆ ಓಡಿದೆನೋ ಹೇಳಲಾರೆ.

ಶಟರ್ ಅರ್ಧ ಇಳಿದಿತ್ತು. ಚಾಚಾ ಕೋಟು ತೊಟ್ಟು ಬಾಗಿಲಲ್ಲೇ ನಿಂತಿದ್ದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಮಗು ಕೇಳಿತೇ?" ಎಂದರು.

ಅವರ ಕೈಯಲ್ಲಿ ಮಡಿಸಿದ ಕಾಗದವಿತ್ತು, ಅದರೊಳಗೆ ಜುಟ್ಟು. ಅದನ್ನು ಮಗನ ಮುಷ್ಟಿಯಲ್ಲಿಟ್ಟರು. ಅವನು ದೊಡ್ಡದಾಗಿ ಉಸಿರುಬಿಟ್ಟು ನನ್ನ ಹೆಗಲಿಗೆ ಒರಗಿದ. ಸ್ವಲ್ಪ ಹೊತ್ತಿಗೆ "ಮಮ್ಮಿ, ಐಯಾಮ್ ಹಂಗ್ರಿ" ಎಂದ. ನಾನು ಅಲ್ಲೇ ಅತ್ತುಬಿಟ್ಟೆ.

ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಮ್ಮೂರ ದರ್ಗಾದಲ್ಲೂ ಒಬ್ಬ ಪೀರ್ ಇದ್ದಾರೆ, ಬೇಟಿ. ನನ್ನ ತಮ್ಮನ ಜುಟ್ಟನ್ನೂ ಅಪ್ಪ ಹೀಗೇ ಕತ್ತರಿಸಿದ್ದರು. ಅದನ್ನು ಯಾರೂ ಎತ್ತಿಡಲಿಲ್ಲ."

ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಜುಟ್ಟು ಒಪ್ಪಿಸಿ, ಸಕ್ಕರೆ ಓದಿಸಿ ಬಂದೆವು. ವಿಡಿಯೋ ಕಾಲಿನಲ್ಲಿ ಅಜ್ಜಿಯ ಮಾತು ಕೇಳಿ ಕೇಳಿ ಮಗ ಹಾಗೆ ಮಾತಾಡಲು ಕಲಿತಿರಬೇಕು ಎಂದು ಗಂಡ ಹೇಳುತ್ತಾರೆ. ಇದ್ದರೂ ಇರಬಹುದು. ಆದರೆ ನಮ್ಮ ಮನೆಯಲ್ಲಿ ನನ್ನನ್ನು ತಂಗಿ ಎಂದು ಕರೆಯುವವರು ಯಾರೂ ಇಲ್ಲ. ಮಗನಿಗೆ ಏನೂ ನೆನಪಿಲ್ಲ.

ಕಟಿಂಗಿಗೆ ಈಗಲೂ ಅಲ್ಲಿಗೇ ಹೋಗುತ್ತೇವೆ. ಚಾಚಾನ ಮಂಡಿನೋವು, ಮೊಮ್ಮಕ್ಕಳು ಎಲ್ಲವನ್ನೂ ವಿಚಾರಿಸುತ್ತೇನೆ. ಆ ತಮ್ಮ ಏನಾದ ಎಂದು ಮಾತ್ರ ಇದುವರೆಗೆ ಕೇಳಿಲ್ಲ.